ಸ್ವಾತಂತ್ರ್ಯದ ಹಬ್ಬಕ್ಕೆ ನಾನು ತಂದ ಸಿನಿಮಾ

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಹೊತ್ತಿಗೆ, ರಾಯದುರ್ಗದಲ್ಲಿ ದೇಶಭಕ್ತಿಯ ವಿಷಯವನ್ನು ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ ಎಂದು ನನಗೆ ಖಚಿತವಾಗಿತ್ತು. ಕಾರಣ ಸರಳ. ಊರಿನ ಬಾವುಟಗಳನ್ನೆಲ್ಲ ಹೊಲಿದವನು ನಾನೇ. ಟೈಲರ್ ತಿಪ್ಪಣ್ಣ ಎಂದರೆ ಮೂರು ಬಣ್ಣ ತಿಳಿದವನು ಎಂದು ಜನ ಹೇಳುತ್ತಿದ್ದರು. ಅಥವಾ ಹೇಳುತ್ತಿದ್ದಾರೆಂದು ನಾನು ಭಾವಿಸಿದ್ದೆ.

ಹಬ್ಬದ ಸಮಿತಿ ಸೇರಿ, ಹಬ್ಬದ ದಿನ ಸಂಜೆ ಟೆಂಟ್ ಟಾಕೀಸಿನಲ್ಲಿ ಊರಿಗೆಲ್ಲ ಒಂದು ದೇಶಭಕ್ತಿಯ ಸಿನಿಮಾ ಪುಕ್ಕಟೆ ತೋರಿಸಬೇಕೆಂದು ತೀರ್ಮಾನಿಸಿತು. ಬಳ್ಳಾರಿಗೆ ಹೋಗಿ ಸಿನಿಮಾ ಆರಿಸಿಕೊಂಡು ಬರುವವರು ಯಾರು ಎಂಬ ಪ್ರಶ್ನೆ ಎದ್ದಾಗ, ಪ್ರಶ್ನೆ ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. ಆಗ ನಮ್ಮ ತಾಲೂಕು ಬಳ್ಳಾರಿ ಜಿಲ್ಲೆಗೇ ಸೇರಿತ್ತು; ಎರಡೂ ಮದ್ರಾಸ್ ಪ್ರಾಂತ್ಯದ ಕೆಳಗೆ. ರೈಲು ಹತ್ತಿದರೆ ಆಯಿತು. ನನ್ನ ಹೆಂಡತಿ ಸುಂಕಮ್ಮ ಮಾತ್ರ, ತರುವ ಮೊದಲು ಒಂದು ಸಲ ಕಣ್ಣಾರೆ ನೋಡಿಕೊಂಡು ಬನ್ನಿ ಎಂದಳು. ಹೆಂಗಸರಿಗೆ ಇಂಥ ರಾಷ್ಟ್ರೀಯ ವಿಚಾರಗಳು ತಿಳಿಯುವುದಿಲ್ಲವೆಂದುಕೊಂಡು ನಾನು ರೈಲು ಹತ್ತಿದೆ.

ಬಳ್ಳಾರಿಯ ಸಿನಿಮಾ ಏಜೆಂಟನ ಹತ್ತಿರ ರಾಜರು ಕತ್ತಿ ಹಿಡಿದ ಚಿತ್ರಗಳೆಲ್ಲ ಆಗಲೇ ಬೇರೆ ಊರುಗಳ ಪಾಲಾಗಿದ್ದವು. ಉಳಿದವುಗಳಲ್ಲಿ ಒಂದು ತೆಲುಗು ಚಿತ್ರ. ಹೆಸರಿನಲ್ಲೇ ಸ್ವಾತಂತ್ರ್ಯ ಎಂಬ ಪದ! ಪೋಸ್ಟರಿನಲ್ಲಿ ಒಬ್ಬ ಹೆಣ್ಣುಮಗಳು ಎರಡೂ ಕೈಯಲ್ಲಿ ಸರಪಳಿ ಹಿಡಿದು ನಿಂತಿದ್ದಳು. ಅವಳ ತಲೆಯ ಹಿಂದೆ ಉದಯಿಸುವ ಸೂರ್ಯ. ಸಾಕ್ಷಾತ್ ಭಾರತಮಾತೆ!

ಒಂದೆರಡು ರೀಲು ಹಾಕಿ ತೋರಿಸಲೇ ಎಂದು ಏಜೆಂಟ್ ಕೇಳಿದ. ನಾನು ನಕ್ಕೆ.

"ಅಂಚು ನೋಡಿದ್ರ ಸಾಕ್ರಿ, ಸೀರಿ ಎಂಥಾದ್ದು ಅಂತ ನನಗ ಗೊತ್ತಾಗತೈತಿ," ಎಂದೆ.

ಊರಿಗೆ ಬಂದವನೇ ಎತ್ತಿನ ಗಾಡಿಯಲ್ಲಿ ತಮಟೆ ಬಡಿಸಿಕೊಂಡು ಬೀದಿ ಬೀದಿ ಸುತ್ತಿದೆ. ಬಿಳಿಯರು ಸಮುದ್ರ ದಾಟಿ ಓಡುವ ಭಯಂಕರ ದೃಶ್ಯಗಳಿವೆಯೆಂದು ಸಾರಿದೆ. ಆ ದೃಶ್ಯಗಳನ್ನು ನಾನು ನೋಡಿರಲಿಲ್ಲ. ಆದರೆ ಇಲ್ಲದೆ ಎಲ್ಲಿ ಹೋಗುತ್ತವೆ?

ಹಬ್ಬದ ಸಂಜೆ ಟೆಂಟು ತುಂಬಿ ತುಳುಕಿತು. ಹೆಂಗಸರ ಕಡೆ ನನ್ನ ತಾಯಿ, ಪಕ್ಕದಲ್ಲಿ ಸುಂಕಮ್ಮ. ಮುಂದಿನ ಕುರ್ಚಿಯಲ್ಲಿ ಭೀಮರಾಯರು ಮತ್ತು ಅವರ ಹೆಂಡತಿ ರಾಘಮ್ಮನವರು. ಭೀಮರಾಯರು ಚಳವಳಿಯಲ್ಲಿ ಜೈಲು ಕಂಡು ಬಂದವರು. ಅವರ ಕೊರಳಿಗೆ ಸಮಿತಿಯಿಂದ ದಪ್ಪ ಹಾರ ಬಿದ್ದಿತ್ತು. ಅವರ ಎದುರಿಗೆ ನನ್ನ ಆಯ್ಕೆ ಪ್ರದರ್ಶನವಾಗುವುದು ಜನ್ಮ ಸಾರ್ಥಕದ ಮಾತೆಂದು ನಾನು ಪರದೆಯ ಪಕ್ಕದಲ್ಲೇ ನಿಂತೆ.

ಸಿನಿಮಾ ಶುರುವಾಯಿತು. ಒಂದು ಅಡುಗೆಮನೆ. ಒಬ್ಬ ಅತ್ತೆ. ಒಬ್ಬ ಸೊಸೆ. ಅತ್ತೆ ಉಗ್ರಾಣದ ಬಾಗಿಲಿಗೆ ಸರಪಳಿ ಬಿಗಿದು ಬೀಗ ಹಾಕಿದಳು. ಇದೇ ಆ ಸರಪಳಿ! ಸ್ವಲ್ಪ ಹೊತ್ತಿಗೆ ಸೂರ್ಯನೂ ಕಂಡ. ಅವನು ಗೋಡೆಗೆ ಒರಗಿಸಿದ ಹಿತ್ತಾಳೆಯ ದೊಡ್ಡ ತಟ್ಟೆ.

ಜನ ನನ್ನ ಮುಖ ನೋಡಿದರು. ಇದು ಪೀಠಿಕೆ, ಬಿಳಿಯರು ಇನ್ನೇನು ಬರುತ್ತಾರೆ ಎಂದು ಸಮಾಧಾನ ಹೇಳಿದೆ. ಬಾಗಿಲು ಸದ್ದಾದಾಗಲೆಲ್ಲ ಬಂದರು ಎಂದುಕೊಳ್ಳುತ್ತಿದ್ದೆ. ಒಂದು ಸಲ ಹಾಲಿನವನು ಬಂದ. ಇನ್ನೊಂದು ಸಲ ಅತ್ತೆಯ ತಂಗಿ ಬಂದಳು. ಅವಳು ಅತ್ತೆಗಿಂತಲೂ ಜೋರು.

ಭೀಮರಾಯರು ಅಲುಗಾಡದೆ ಕುಳಿತಿದ್ದರು. ದೇಶಕ್ಕಾಗಿ ಜೈಲಿಗೆ ಹೋದ ಮನುಷ್ಯನಿಗೆ ನಾನು ಅತ್ತೆ-ಸೊಸೆ ಜಗಳ ತೋರಿಸುತ್ತಿದ್ದೆ. ನಾಳೆಯಿಂದ ಈ ಊರಿನಲ್ಲಿ ನನ್ನ ಹತ್ತಿರ ಒಂದು ಗುಂಡಿ ಹಾಕಿಸಿಕೊಳ್ಳಲೂ ಯಾರೂ ಬರುವುದಿಲ್ಲ ಎನಿಸಿತು.

ಮಾನ ಉಳಿಸಲು ಒಂದೇ ದಾರಿ ಹೊಳೆಯಿತು: ರೇಡಿಯೋ. ಮಿಲ್ಲಿನ ಸಾಹುಕಾರರು ಹಬ್ಬಕ್ಕೆಂದು ತಮ್ಮ ಬ್ಯಾಟರಿ ರೇಡಿಯೋ ತಂದು ಮೇಜಿನ ಮೇಲೆ ಇರಿಸಿದ್ದರು. ವಿರಾಮದಲ್ಲಿ ದೆಹಲಿಯ ಭಾಷಣ ಕೇಳಿಸಿಬಿಟ್ಟರೆ ದೇಶಭಕ್ತಿಯ ಬಾಕಿ ತೀರುತ್ತದೆ! ವಿರಾಮ ಬಿದ್ದೊಡನೆ ರೇಡಿಯೋದ ಕಿವಿ ತಿರುವಿದೆ. ಕೊರ್ ಎಂದಿತು. ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಟಾಕೀಸಿನ ಎಂಜಿನ್ನಿಂದ ಬರುವ ತಂತಿ ಪಕ್ಕದಲ್ಲೇ ಹಾದುಹೋಗಿತ್ತು. ಸಿನಿಮಾ ಯಂತ್ರ ನಡೆಸುವ ಆಪರೇಟರ್ ಬ್ಯಾಡ್ರಿ ಬ್ಯಾಡ್ರಿ ಎಂದು ಕೈ ಹಿಡಿಯಲು ಬಂದ. ಹೊಲಿಗೆ ಮಷೀನನ್ನು ಬಿಚ್ಚಿ ಕೂಡಿಸಬಲ್ಲವನಿಗೆ ಎರಡು ತಂತಿ ಯಾವ ಲೆಕ್ಕ ಎಂದು ಜೋಡಿಸಿದೆ.

ಢಬ್ ಎಂದಿತು. ರೇಡಿಯೋದಿಂದ ಹೊಗೆ ಎದ್ದಿತು. ಸಿನಿಮಾ ಯಂತ್ರದ ದೀಪವೂ ಹೋಯಿತು. ರಾಷ್ಟ್ರೀಯ ಹಬ್ಬ ಪೂರ್ತಿ ಕತ್ತಲಾಯಿತು.

ಟೆಂಟಿನ ಹಿಂದಿನ ಕಂಡಿಯಿಂದ ಓಡಿಹೋಗಲು ನಾನು ಅರ್ಧ ಬಗ್ಗಿದ್ದೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ನನ್ನ ತಾಯಿಯ ದನಿ ಕೇಳಿತು.

"ಯಾರೂ ಏಳಬ್ಯಾಡ್ರಿ. ಆ ಸೊಸಿ ಹುಡುಗಿ ಉಪಾಸ ಕುಂತಾಳ. ಆಕಿ ಗತಿ ಏನಾತು ಅಂತ ನೋಡಿಕೊಂಡೇ ಹೋಗೋಣು."

ಯಾರೂ ಏಳಲಿಲ್ಲ. ಎದ್ದವರು ಭೀಮರಾಯರೊಬ್ಬರೇ. ಯಾರೋ ಲಾಟೀನು ತಂದರು. ಬೈಗುಳಕ್ಕೆ ಸಿದ್ಧನಾಗಿ ನಾನು ಕೈಮುಗಿದು ನಿಂತೆ. ಅವರು ಪಕ್ಕದ ರಾಘಮ್ಮನವರತ್ತ ಕೈ ತೋರಿಸುತ್ತ ಜನರ ಕಡೆ ತಿರುಗಿದರು.

"ನಾ ಜೈಲಿನ್ಯಾಗ ಇದ್ದಾಗ ನನಗ ಸರ್ಕಾರ ಊಟಾ ಹಾಕ್ತಿತ್ತು. ಮನ್ಯಾಗ ಇದ್ದ ಈಕಿಗೆ ಯಾರು ಹಾಕ್ತಿದ್ರು? ಮಕ್ಕಳ್ನ, ನಮ್ಮ ತಾಯಿನ್ನ ಈಕಿನೇ ಸಾಕಿದ್ಲು. ಹಾರ ಹಾಕೋವಾಗ ಈಕಿ ನೆನಪು ನಿಮಗೂ ಬರಲಿಲ್ಲ, ನನಗೂ ಬರಲಿಲ್ಲ. ತಿಪ್ಪಣ್ಣ ಚಲೋ ಸಿನಿಮಾನೇ ತಂದಾನ."

ಹಾಗೆಂದವರೇ ತಮ್ಮ ಹಾರ ತೆಗೆದು ರಾಘಮ್ಮನವರ ಕೊರಳಿಗೆ ಹಾಕಿದರು. ಆ ಹೊತ್ತಿಗೆ ಆಪರೇಟರ್ ಬೇರೆ ದೀಪ ಕೂರಿಸಿದ್ದ. ಭೀಮರಾಯರ ದೊಡ್ಡ ನೆರಳು ಪರದೆಯ ಮೇಲೆ ಬಿದ್ದಿತು. ರಾಘಮ್ಮನವರು ಹಾರದ ನಡುವಿನಿಂದಲೇ ಅವರ ಧೋತರ ಹಿಡಿದು ಜಗ್ಗಿದರು.

"ಕುಂದರ್ರಿ ಸಾಕು, ಹಿಂದಿನೋರಿಗೆ ಪಿಚ್ಚರ್ ಕಾಣವಲ್ದು."

ಇಡೀ ಟೆಂಟು ನಕ್ಕಿತು. ನಾನೂ ನಕ್ಕೆ, ಜತೆಗೆ ಕಣ್ಣೂ ಒರೆಸಿಕೊಂಡೆ. ಹೊಗೆಯಿಂದ ಎಂದು ಆಪರೇಟರಿಗೆ ಹೇಳಿದೆ.

ಸೊಸೆ ಕೊನೆಗೆ ಬೀಗ ತೆಗೆಸಿದಾಗ ಎದ್ದಷ್ಟು ಚಪ್ಪಾಳೆ, ಬಿಳಿಯರು ಓಡಿದ್ದರೂ ಎದ್ದಿರಲಾರದು. ಸಿನಿಮಾ ಮುಗಿದ ಮೇಲೆ ಮಿಲ್ಲಿನ ಸಾಹುಕಾರರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಕಪ್ಪಾದ ರೇಡಿಯೋ ನೋಡಿದರು, ನನ್ನನ್ನು ನೋಡಿದರು, ನಗುತ್ತ ಬರುತ್ತಿದ್ದ ತಮ್ಮ ಹೆಂಡತಿಯನ್ನು ನೋಡಿದರು. ಇವತ್ತು ನಿನ್ನನ್ನು ಬೈದರೆ ನನಗೆ ಮನೆಯಲ್ಲಿ ಊಟವಿಲ್ಲ, ಹೋಗು ಎಂದರು. ಅಷ್ಟು ಒಳ್ಳೆಯ ಮನುಷ್ಯರ ನಡುವೆ ತಪ್ಪು ಮಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಇಂದಿಗೂ ಆ ಜನರನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ.

ಮರುವರ್ಷ ಸಿನಿಮಾ ಆರಿಸುವ ಜವಾಬ್ದಾರಿಯನ್ನು ಸಮಿತಿ ಒಮ್ಮತದಿಂದ ಸುಂಕಮ್ಮನಿಗೂ ನನ್ನ ತಾಯಿಗೂ ಒಪ್ಪಿಸಿತು. ಇಬ್ಬರೂ ಒಟ್ಟಿಗೆ ಬಳ್ಳಾರಿಗೆ ಹೋಗಿ, ಎಲ್ಲ ರೀಲೂ ಕೂತು ನೋಡಿ, ನಿಜವಾದ ಬಿಳಿಯರಿದ್ದ ಸಿನಿಮಾವನ್ನೇ ತಂದರು. ನನ್ನ ದೇಶಸೇವೆಗೂ ಅವಕಾಶವಿತ್ತು: ಗಣ್ಯರಿಗೆ ಕುರ್ಚಿ ಹಾಕುವುದು. ಬಹಳ ಎಚ್ಚರಿಕೆಯಿಂದ ಹಾಕಿದೆ. ಮುರಿದದ್ದು ಒಂದೇ ಒಂದು. ಅದರಲ್ಲಿ ತಹಸೀಲ್ದಾರರು ಕುಳಿತಿದ್ದರು.