ಅತ್ತೆಯ ಸೈಕಲ್ಲಿಗೊಂದು ಚೀಲ

ನಮ್ಮತ್ತೆ ಗಂಡನ್ನು ನೋಡಿ ಒಪ್ಪಿದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನಲ್ಲಂತೆ. ಸೈಕಲ್ಲಿಗೆ ಒಂದು ಚೀಲ ನೋಡಿ ಒಪ್ಪುವುದಕ್ಕೆ ಮಾತ್ರ ಅವಳಿಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಇದೇನತ್ತೆ ಹೀಗೆ ಎಂದರೆ, ‘ಗಂಡ ಮನೇಲಿ ಕೂತಿರ್ತಾನೆ ಕಣಮ್ಮಿ, ಚೀಲ ರೋಡಿಗೆ ಬರ್ಬೇಕಲ್ಲ’ ಎಂದಳು. ಮಾವ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಪುಟ ತಿರುವಿದರು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ವರ್ತೂರಿನ ಮನೆಯಲ್ಲಿ ಕೆಳಗೆ ಅತ್ತೆ, ಮಾವ. ಮೇಲೆ ನಾನು, ನನ್ನ ಗಂಡ. ಹಿತ್ತಲಿನ ಎರಡು ಕೋಣೆಗಳಲ್ಲಿ ಬಾಡಿಗೆಯವರು. ಆ ಬಾಡಿಗೆಯವರಲ್ಲೊಬ್ಬ ಊರು ಬಿಡುವಾಗ ತನ್ನ ಗೇರ್ ಸೈಕಲ್ಲನ್ನು ಬಿಟ್ಟುಹೋದ. ಅರವತ್ತಕ್ಕೆ ಎರಡೇ ವರ್ಷ ಬಾಕಿಯಿದ್ದ ಅತ್ತೆ ಸೆರಗು ಸಿಕ್ಕಿಸಿ ಅದನ್ನು ಹತ್ತಿದಳು, ಬಿದ್ದಳು, ಮತ್ತೆ ಹತ್ತಿದಳು, ಕಲಿತೇಬಿಟ್ಟಳು. ಗೇರು ಬದಲಿಸುವುದನ್ನು ತೋರಿಸಲು ಹೋದರೆ, ‘ಒಂದನೇದೇ ಚೆನ್ನಾಗಿರೋವಾಗ ಏಳನೇದಕ್ಕೆ ಯಾಕೋಗ್ಬೇಕು?’ ಎಂದು ನನ್ನ ಕೈ ಸರಿಸಿದಳು.

ಉಳಿದಿರುವ ತುಂಡು ಜಮೀನಿನಲ್ಲಿ ಅವಳು ಸೊಪ್ಪು ಬೆಳೆಯುತ್ತಾಳೆ. ಅದನ್ನು ವೈಟ್‌ಫೀಲ್ಡ್ ಕಡೆಯ ಪರಿಚಯದ ಮನೆಗಳಿಗೆ ತಾನೇ ಕೊಟ್ಟುಬರುತ್ತಾಳೆ. ಸೊಪ್ಪಿನ ಜೊತೆ ಕೊಡೆ, ಕನ್ನಡಕದ ಡಬ್ಬಿ, ಎಲೆ ಅಡಿಕೆ, ಕುಡುಗೋಲು, ಬೀದಿನಾಯಿಗಳಿಗೆಂದು ಬಿಸ್ಕತ್ತು, ಬಿಸ್ಕತ್ತಿಗೆ ಬಗ್ಗದ ನಾಯಿಗಳಿಗೆಂದು ಒಂದು ಕಲ್ಲು.

‘ಕಲ್ಲು ದಾರೀಲೇ ಸಿಗಲ್ವಾ ಅತ್ತೆ?’

‘ಸಿಕ್ತವೆ. ಬೇಕಾದಾಗ ಸಿಗಕಿಲ್ಲ.’

ಇಷ್ಟೆಲ್ಲ ಹೊರಲು ಚೀಲ ಬೇಡವೇ? ಮೊದಲು ಹೆಗಲಿಗೆ ವ್ಯಾನಿಟಿ ಬ್ಯಾಗು ಬಂತು. ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಅದರ ಪಟ್ಟಿ ಪಕ್ಕದ ಕಾರಿನ ಕನ್ನಡಿಗೆ ಸಿಕ್ಕಿಕೊಂಡಿತು. ಕಾರು ಮೆಲ್ಲಗೆ ಮುಂದಕ್ಕೆ ಹೋಯಿತು, ಅತ್ತೆಯೂ ಹೋದಳು. ಒಳಗಿದ್ದವನು ಇಳಿದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದನಂತೆ. ಇವಳು ಕನ್ನಡದಲ್ಲಿ ಕೊಡಲಿಲ್ಲವಂತೆ.

ಆಮೇಲೆ ನನ್ನ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗು ಕೊಟ್ಟೆ. ಪಟ್ಟಂದೂರು ಅಗ್ರಹಾರದ ಪಕ್ಕದ ಐಟಿ ಪಾರ್ಕಿನಲ್ಲಿ ಒಂದು ಕ್ಯಾಂಟೀನಿಗೂ ಅತ್ತೆಯದೇ ಸೊಪ್ಪು. ಅಲ್ಲಿಯ ಸೆಕ್ಯುರಿಟಿಯವನು ದಿನಾ ಅವಳನ್ನು ಗೇಟಿನಲ್ಲೇ ನಿಲ್ಲಿಸಿ, ಒಳಗೆ ಫೋನು ಮಾಡಿ, ಹತ್ತು ನಿಮಿಷ ಕಾಯಿಸುತ್ತಿದ್ದ. ಈ ಬ್ಯಾಗು ಬೆನ್ನಿಗೇರಿದ ದಿನ ಅದೇ ಮನುಷ್ಯ ಸಲಾಂ ಹೊಡೆದು ಒಳಗೆ ಬಿಟ್ಟ! ಅತ್ತೆ ಸಂಜೆ ಬಂದು ಹೇಳಿದಳು: ‘ಅಲ್ಲಿ ಮೊಕ ನೋಡಕಿಲ್ಲ ಕಣಮ್ಮಿ, ಬೆನ್ನು ನೋಡ್ತಾರೆ.’

ಆದರೂ ಆ ಬ್ಯಾಗು ಉಳಿಯಲಿಲ್ಲ. ಬೆನ್ನು ಬೆವರುತ್ತದೆ ಎಂಬುದು ಒಂದು ಕಾರಣ. ಹಿಂದೆ ಯಾರು ಜಿಪ್ಪು ಎಳೆದರೂ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು. ಸರಿ, ಕಣ್ಣೆದುರೇ ಇರಲಿ ಎಂದು ಹ್ಯಾಂಡಲ್ಲಿಗೆ ತಂತಿಬುಟ್ಟಿ ಕಟ್ಟಿಸಿದಳು. ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡುತ್ತಾ ನಿಂತಿದ್ದಾಗ ಒಂದು ಹಸು ಬಂದು ಎರಡು ಕಟ್ಟು ದಂಟಿನಸೊಪ್ಪು ಮುಗಿಸಿತು. ‘ಓಡಿಸೋದಲ್ವಾ?’ ಎಂದೆ. ‘ಅದೂ ಸಿಗ್ನಲ್ ಬಿಡ್ಲಿ ಅಂತ ನಿಂತದೆ ಅನ್ಕಂಡೆ’ ಎಂದಳು.

ಕೊನೆಗೆ ನಾನೇ ಅವಳನ್ನು ದೊಡ್ಡ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದೆ. ಆಗ ನಾನು ಆರು ತಿಂಗಳ ಬಸುರಿ. ಕ್ಯಾರಿಯರಿನ ಎರಡೂ ಕಡೆ ಇಳಿಬಿಡುವ ಜೋಡಿ ಚೀಲಗಳನ್ನು ಅಂಗಡಿಯವನು ಸಾಲಾಗಿ ಇಟ್ಟ.

‘ಇದು ಫುಲ್ ವಾಟರ್‌ಪ್ರೂಫ್ ಮೇಡಂ.’

ಅತ್ತೆ ತನ್ನ ಬಾಟಲಿಯ ನೀರನ್ನು ಅದರ ಮೇಲೆ ಸುರಿದಳು. ಅಂಗಡಿಯವನು ನೆಲ ಒರೆಸಿದ. ಆಮೇಲೆ ಅವಳು ಮಡಿಲಿನಿಂದ ಆರು ಕೋಳಿಮೊಟ್ಟೆ ತೆಗೆದಳು.

‘ಮೇಡಂ, ಮೊಟ್ಟೆ ಯಾಕೆ?’

‘ನೀನು ಯೋಳೋದನ್ನ ಅವೂ ಒಪ್ತವಾ ನೋಡಾನ ಅಂತ ಕಣಪ್ಪ.’

ಒಂದೊಂದು ಚೀಲವನ್ನೂ ಸೈಕಲ್ಲಿಗೆ ಸಿಕ್ಕಿಸಿ, ಮೊಟ್ಟೆ ಇಟ್ಟು, ಅಂಗಡಿಯ ಮುಂದಿನ ಹಂಪುಗಳ ಮೇಲೆ ಒಂದು ಸುತ್ತು. ಮೊದಲನೆಯದರಲ್ಲಿ ನಾಲ್ಕು ಹೋದವು, ಎರಡನೆಯದರಲ್ಲಿ ಒಂದು. ಉಳಿದ ಒಂದು ಮೊಟ್ಟೆಯೊಂದಿಗೆ ಮೂರನೆಯ ಚೀಲ ಹೊರಟಾಗ ಅಂಗಡಿಯವನೂ ನಾನೂ ಉಸಿರು ಬಿಗಿಹಿಡಿದು ಫುಟ್‌ಪಾತಿನಲ್ಲಿ ನಿಂತಿದ್ದೆವು. ಅದು ಹಾಗೇ ವಾಪಸು ಬಂತು. ಅಂಗಡಿಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಅಂದು ವ್ಯಾಪಾರ ಆಯಿತು.

ಎರಡು ತಿಂಗಳೂ ತುಂಬಲಿಲ್ಲ, ನನ್ನ ಮಗಳು ಅವಸರದಲ್ಲಿ ಹುಟ್ಟಿಬಿಟ್ಟಳು. ಅವಳನ್ನು ವೈಟ್‌ಫೀಲ್ಡಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ನನ್ನನ್ನು ಮನೆಗೆ ಕಳಿಸಿದರು. ಹೊಲಿಗೆ ಕೀವಾಗಿ ಜ್ವರ ಹಿಡಿದದ್ದರಿಂದ ಮಗುವಿನ ಹತ್ತಿರ ಬರಲೇಬಾರದೆಂದರು. ನನ್ನೆದೆಯ ಹಾಲು ಮಾತ್ರ ದಿನಕ್ಕೆರಡು ಸಲ, ತಣ್ಣಗೆ, ಹೊತ್ತಿಗೆ ಸರಿಯಾಗಿ ತಲುಪಬೇಕು. ನಮ್ಮ ರಸ್ತೆಯಲ್ಲಿ ಕಾರು ಹೊರಟರೆ ಯಾವಾಗ ತಲುಪುತ್ತದೆಂದು ದೇವರೂ ಹೇಳುವ ಹಾಗಿಲ್ಲ.

‘ಹಾಲಿನ ಕೆಲಸ ನಂಗ್ ಬಿಡು’ ಎಂದಳು ಅತ್ತೆ. ಚೀಲವನ್ನು ತೊಳೆದು ಬಿಸಿಲಿಗೆ ಹಾಕಿದಳು. ಒಳಗೆ ಥರ್ಮೋಕೋಲ್ ಕತ್ತರಿಸಿ ಕೂರಿಸಿ, ಐಸ್ ತುಂಬಿ, ನಡುವೆ ಬಾಟಲಿ ಇಟ್ಟಳು. ಸಾಲುಗಟ್ಟಿ ನಿಂತ ಕಾರುಗಳ ಸಂದಿಯಲ್ಲಿ ನುಸುಳಿಕೊಂಡು ಇಪ್ಪತ್ಮೂರು ದಿನ ಹೋಗಿಬಂದಳು.

ಬಂದವಳು ನನ್ನ ಮಂಚದ ಪಕ್ಕ ನಿಂತು ವರದಿ ಕೊಡುತ್ತಿದ್ದಳು. ‘ಇವತ್ತು ಆಕಳಿಸ್ತು ಕಣಮ್ಮಿ, ಬಾಯಿ ಇಷ್ಟಗಲ.’ ‘ಎಡಗೈ ಬಿಚ್ತು. ಬೆರಳು ನಿಮ್ಮಪ್ಪಂದೇ.’ ನನ್ನ ಗಂಡ ಸಂಜೆ ನೋಡಿಬಂದು ಹೇಳುತ್ತಿದ್ದದ್ದು ಒಂದೇ ಮಾತು: ‘ಮಲಗಿತ್ತು.’ ನಾನು ಅತ್ತೆಯ ಮಾತುಗಳನ್ನೇ ನೆನೆಸಿಕೊಳ್ಳುತ್ತಾ ಮುಂದಿನ ಬಾಟಲಿ ತುಂಬಿಸುತ್ತಿದ್ದೆ.

ಮಗುವನ್ನು ಕರೆತರಲು ಹೋದ ದಿನ ನರ್ಸ್ ಕೇಳಿದರು: ‘ಸೈಕಲ್ ಅಮ್ಮ ಬಂದಿಲ್ವಾ ಮೇಡಂ? ಇವತ್ತಾದ್ರೂ ಮಗು ನೋಡ್ತಿದ್ರು.’

‘ದಿನಾ ನೋಡ್ತಿದ್ರಲ್ಲ?’

‘ಎಲ್ಲಿ ಮೇಡಂ, ಒಳಗೆ ಅಪ್ಪ ಅಮ್ಮನ್ನ ಮಾತ್ರ ಬಿಡೋದು. ಅವ್ರು ಬಾಟ್ಲಿ ಕೊಟ್ಟು ಬಾಗ್ಲತ್ರಾನೇ ನಿಂತಿರೋರು. ಇವತ್ತೇನು ಮಾಡ್ತು, ಒಂದೂ ಬಿಡ್ದೆ ಹೇಳಿ ಅಂತ ನಮ್ಮನ್ನೇ ಕೇಳೋರು.’

ಮನೆಗೆ ಬಂದಾಗ ಅತ್ತೆ ಗೇಟಿನಲ್ಲಿ ನಿಂತಿದ್ದಳು. ಮಗುವನ್ನು ಚಾಚಿದೆ. ‘ತಡಿ, ತಡಿ’ ಎಂದು ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡಳು. ಆದರೂ ಎತ್ತಿಕೊಳ್ಳಲಿಲ್ಲ. ಬಗ್ಗಿ ನೋಡುತ್ತಾ ನಿಂತಳು.

‘ಇಷ್ಟೇನಾ ಮಗ ನೀನು?’ ಎಂದಳು ಕೊನೆಗೆ, ಮೆಲ್ಲಗೆ. ‘ನಿಮ್ಮಮ್ಮಂಗೆ ನಾನು ಸ್ವಲ್ಪ ದೊಡ್ಡದು ಮಾಡ್ಕಂಡೇ ಯೋಳ್ತಿದ್ದೆ.’