ಭಾವಮೈದನ ಮೂರು ಆಂಪ್ಲಿಫೈಯರ್

ಒಂದು ಕಾರಿಗೆ ಮೂರು ಆಂಪ್ಲಿಫೈಯರ್ ಯಾಕೆ ಅಂತ ನನ್ನ ಕೇಳಿದ್ರೆ ಏನ್ ಹೇಳ್ಲಿ? ಕಾರು ಭಾವಮೈದಂದು, ಆಸೆ ಅವಂದು, ಬೈಗುಳ ಮಾತ್ರ ನಂದು. ವಿಕ್ರೋಳಿ ಫ್ಯಾಕ್ಟರಿಲಿ ಎಲೆಕ್ಟ್ರಿಕಲ್ ಡಿಪಾರ್ಟ್‌ಮೆಂಟ್‌ನಲ್ಲಿದ್ದೆ ಅನ್ನೋ ಒಂದೇ ತಪ್ಪಿಗೆ, ಬಿಲ್ಡಿಂಗಿನ ಕಾಲಿಂಗ್ ಬೆಲ್ಲಿಂದ ಹಿಡಿದು ಎಲ್ಲಾ ನನ್ನ ತಲೆಗೇ ಬರ್ತಿತ್ತು.

ಭಾವಮೈದನಿಗೆ ಆಗಲೇ ನಾಲ್ಕು ಸಂಬಂಧ ತಪ್ಪಿತ್ತು. ಐದನೇ ಹುಡುಗಿಯ ತಂದೆ ಅವನನ್ನ ನೋಡೋಕೆ ಮೈಸೂರಿಂದ ಬರೋರಿದ್ರು. ದಾದರ್ ಸ್ಟೇಷನ್ನಿಂದ ಗೋರೆಗಾಂವ್‌ವರೆಗೆ ಅವರನ್ನ ಹಾಡು ಕೇಳಿಸ್ತಾ ಕರ್ಕೊಂಡು ಬಂದ್ರೆ ಮದುವೆ ಗ್ಯಾರಂಟಿ ಅಂತ ಇವನ ನಂಬಿಕೆ.

"ಇದೂ ತಪ್ಪಿದ್ರೆ ನಿಮ್ಮ ಮುಖ ನೋಡಲ್ಲ" ಅಂದ್ಳು ಹೆಂಡ್ತಿ. ಅವನಿಗಲ್ಲ, ನನಗೆ.

ತಂತಿ

ಮೊದಲು ಮನೇಲಿ ಉಳಿದಿದ್ದ ಕಾಲಿಂಗ್ ಬೆಲ್ ತಂತೀನೇ ಬ್ಯಾಟರಿಯಿಂದ ಆಂಪ್ಲಿಫೈಯರ್ ಇಟ್ಟಿದ್ದ ಡಿಕ್ಕಿವರೆಗೆ, ಸೀಟಿನ ಕೆಳಗೆ ಎಳೆದೆ. ಎರಡು ಹಾಡಿಗೆ ಸೀಟು ಬಿಸಿಯಾಯ್ತು.

"ಭಾವ, ಇದಕ್ಕೆ ಹೀಟರ್ ಬೇರೆ ಇದೆ" ಅಂತ ಖುಷಿಪಟ್ಟ. ಆಗ ಮೇ ತಿಂಗಳು.

ಮಾರನೇ ದಿನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೆಬ್ಬೆರಳಷ್ಟು ದಪ್ಪದ ತಂತಿ ಕೇಳಿದೆ. ಅಂಗಡಿಯವನು, "ಬಿಲ್ಡಿಂಗ್ ಕಿತ್ನೇ ಮಾಲೇ ಕಾ ಹೈ ಸಾಬ್?" ಅಂದ, ಎಷ್ಟು ಮಹಡಿ ಅಂತ.

"ಚಾರ್ ಸೀಟ್ ಕಾ" ಅಂದೆ.

ಶ್ರುತಿ

ದಪ್ಪ ತಂತಿ ಹಾಕಿದ ಮೇಲೆ ಮೂರೂ ಹಾಡಿದ್ವು. ಆದ್ರೆ ಎಂಜಿನ್ ಶುರುವಾದ ತಕ್ಷಣ ಹಾಡಿನ ಹಿಂದೆ ಸೊಳ್ಳೆ ಥರ ಒಂದು ಕುಂಯ್. ಆಕ್ಸಿಲರೇಟರ್ ಒತ್ತಿದಷ್ಟೂ ಮೇಲಕ್ಕೇರುತ್ತೆ.

ಇವನು ಸ್ವಲ್ಪ ಸಂಗೀತ ಕಲಿತೋನು. ಕುಂಯ್ ಅನ್ನೋದು ಹಾಡಿನ ಶ್ರುತಿಗೆ ಕೂಡೋ ಹಾಗೆ ಹದವಾಗಿ ಕಾಲಿಟ್ಟು, ಹೈವೇ ಮೇಲೆ ಎರಡನೇ ಗೇರಲ್ಲೇ ಹೊರಟ. ಹಿಂದೆ ಲಾರಿ, ಟೆಂಪೋ, ಬೆಸ್ಟ್ ಬಸ್ಸು, ಎಲ್ಲಾ ಹಾರ್ನ್.

"ಗೇರ್ ಬದಲಾಯಿಸೋ."

"ಇರಿ ಭಾವ, ಚರಣ ಮುಗೀಲಿ."

ಅರ್ಥ್

ಆ ಕುಂಯ್‌ಗೆ ಕಾರಣ ನಾನೇ. ಮೂರರ ಅರ್ಥ್ ತಂತೀನೂ ಒಂದೇ ತುಕ್ಕು ಹಿಡಿದ ಸ್ಕ್ರೂಗೆ ಸುತ್ತಿದ್ದೆ. ಶನಿವಾರ ಎಲ್ಲಾ ಬಿಚ್ಚಿ ಅವನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಕರೆಂಟು ಕೆಂಪು ತಂತೀಲಿ ಹೋಗುತ್ತೆ, ಕಪ್ಪು ತಂತೀಲಿ ವಾಪಸ್ ಬರುತ್ತೆ. ಕಪ್ಪನ್ನ ಪೇಂಟ್ ಉಜ್ಜಿ ಕಾರಿನ ಬಾಡಿಗೆ ಬಿಗೀಬೇಕು, ಅದೇ ಅರ್ಥ್. ಅವನು ತಲೆ ಆಡಿಸಿ ಡಿಕ್ಕಿಯೊಳಗೆ ತೂರಿದ. ನಾನು ಮುಂದೆ ಬ್ಯಾಟರಿ ಹತ್ರ ನಿಂತೆ.

"ಅರ್ಥ್ ಆಯ್ತೇನೋ?" ಅಂತ ಕೂಗಿದೆ.

"ಆಯ್ತು ಭಾವ."

"ಮೂರೂ?"

"ಎಲ್ಲಾ ಆಯ್ತು ಭಾವ. ಚೆನ್ನಾಗಿ ಹೇಳ್ಕೊಟ್ರಿ."

ಬ್ಯಾಟರಿ ಸೇರಿಸಿದೆ. ಹಾಡಿಸಿ ನೋಡೋಣ ಅನ್ನೋಷ್ಟರಲ್ಲಿ ಬಿಲ್ಡಿಂಗ್ ಸೆಕ್ರೆಟರಿ ಬಾಲ್ಕನಿಯಿಂದ ಗಲಾಟೆ ಸಾಕಪ್ಪಾ ಅಂತ ಕೈ ಮುಗಿದ್ರು. ಬಿಟ್ವಿ.

ಭಾನುವಾರ ಹುಡುಗಿಯ ತಂದೆ ಮುಂದಿನ ಸೀಟಲ್ಲಿ, ನಾನು ಹಿಂದೆ. ಮಾಹಿಮ್ ದಾಟಿದ ಮೇಲೆ ಇವನು ಗಂಟಲು ಸರಿಮಾಡ್ಕೊಂಡು ಟೇಪ್ ಹಾಕಿದ. ವಾಪಸ್ ಬರೋಕೆ ದಾರಿ ಕಾಣದ ಕರೆಂಟು, ಹಾಡು ಹೋಗೋ ಸಣ್ಣ ತಂತಿ ಹಿಡ್ಕೊಂಡು ಟೇಪಿಗೇ ನುಗ್ತು. ಹಾಡು ಬರಲಿಲ್ಲ, ಹೊಗೆ ಬಂತು.

ಕಾರು ನಿಲ್ಲಿಸಿ ಬ್ಯಾಟರಿ ಕಿತ್ತು ಡಿಕ್ಕಿ ತೆಗೆದ್ರೆ, ಮೂರೂ ಕಪ್ಪು ತಂತಿ ಆರಾಮಾಗಿ ನೇತಾಡ್ತಿದ್ವು.

"ಅರ್ಥ್ ಆಯ್ತು ಅಂದ್ಯಲ್ಲೋ?"

"ಅರ್ಥ ಆಗಿತ್ತು ಭಾವ. ಹಾಕು ಅಂತ ನೀವೆಲ್ಲಿ ಹೇಳಿದ್ರಿ?"

ಹುಡುಗಿಯ ತಂದೆ ಫುಟ್‌ಪಾತ್ ಮೇಲೆ ನಿಂತು ಕನ್ನಡಕ ಒರೆಸ್ಕೊಳ್ತಾ ಎಲ್ಲಾ ಕೇಳಿಸ್ಕೊಂಡ್ರು. ಐದನೇದೂ ಹೋಯ್ತು ಅಂದ್ಕೊಂಡೆ.

"ಹೇಳಿದ್ದೆಲ್ಲ ಅರ್ಥ ಮಾಡ್ಕೋತಾನೆ, ಹೇಳದೆ ಏನೂ ಮಾಡಲ್ಲ" ಅಂದ್ರು. "ಇಂಥ ಅಳಿಯ ಎಲ್ಲಿ ಸಿಗ್ತಾನೆ ಸ್ವಾಮಿ?"

ಸಂಜೆ ಹೆಂಡ್ತಿಗೆ ಎಲ್ಲಾ ಹೇಳಿದೆ. ದೇವರಿಗೆ ತುಪ್ಪದ ದೀಪ ಹಚ್ಚಿ ಬಂದು ಅಂದ್ಳು, "ನೋಡಿ, ನನ್ನ ತಮ್ಮ ಏನೂ ಮಾಡದೆ ಇದ್ದಿದ್ದಕ್ಕೆ ಸಂಬಂಧ ಕೂಡಿಬಂತು. ಮುಹೂರ್ತ ಮುಗಿಯೋವರೆಗೆ ನೀವೂ ಹಾಗೇ ಇದ್ಬಿಡಿ."