ಟವೆಲ್ಲಿನೊಳಗಿನ ರೇಟು

ರೇಟಿನ ವಿಷಯದಲ್ಲಿ ಅನಂತಪುರದ ರಾವಸಾಹೇಬರನ್ನು ಮೀರಿಸುವ ಗಂಡಸು ಅಥಣಿ ತಾಲೂಕಿನಲ್ಲೇ ಇರಲಿಲ್ಲ. (ಹೆಂಗಸಿನ ಮಾತು ಆಮೇಲೆ.) ದನದ ಪೇಟೆಯಲ್ಲಿ ದಲಾಲರ ಕೈಮೇಲೆ ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಹಿಡಿದು, ಹಿಡಿದ ಬೆರಳಿನ ಲೆಕ್ಕದಲ್ಲೇ ಅವರು ಎತ್ತಿನ ಬೆಲೆ ಇಳಿಸುವುದನ್ನು ನೋಡಲು ಜನ ಚಹಾ ಬಿಟ್ಟು ಎದ್ದು ಬರುತ್ತಿದ್ದರು.

ಇಂಥ ಧುರಂಧರರ ಮನೆಯ ಟಿವಿ ಮಾತ್ರ ಅರ್ಧ ಸತ್ತಿತ್ತು. ಊರೆಲ್ಲ ಟಿವಿಗಳು ತೆಳ್ಳಗಾಗುತ್ತಿದ್ದ ಕಾಲ; ಇವರದು ಹಳೆಯ ಡಬ್ಬಾ. ಪರದೆಯ ಮೇಲರ್ಧ ಬರೀ ಕತ್ತಲೆ. ಹೆಂಡತಿ ಗೌರಾಬಾಯಿ, ಚಿಂಚಲಿಯ ದಲಾಲ ದಾದಾಸಾಹೇಬರ ಮಗಳು, ಧಾರಾವಾಹಿಯ ಮಂದಿಯನ್ನು ಕಾಲು ನೋಡಿ ಗುರುತಿಸುತ್ತಿದ್ದಳು. ಗೆಜ್ಜೆ ಬಂದರೆ ಸೊಸೆ, ಎತ್ತರದ ಚಪ್ಪಲಿ ಬಂದರೆ ಮನೆಮುರುಕಿ.

"ಅಹೋ, ದಸರಾ ಆದ ಮ್ಯಾಲ ಸೀರಿಯಲ್ಲಿನ್ಯಾಗ ಮದುವಿ ಐತ್ರಿ. ಎಷ್ಟ ವರ್ಷದಿಂದ ಕಾಯಾಕತ್ತೀನಿ! ಮದುಮಗಳ ಮಾರಿ ನೋಡೂದ ಬ್ಯಾಡೇನು? ಬರೇ ಕಾಲುಂಗುರಾ ನೋಡ್ಲೇನು?"

"ತಡಕೋ ಲೇ ಗೌರಾ. ದೀಪಾವಳಿಗೆ ಇನ್ನೂ ತೆಳ್ಳಂದು ಬರಾಕತ್ತೈತಿ. ಅದು ಬಂತಂದ್ರ ಈಗಿಂದನ್ನ ಯಾರೂ ಮೂಸಿ ನೋಡಂಗಿಲ್ಲ. ರೇಟ ಧಡ್ ಅಂತ ಬೀಳತೈತಿ."

ಈ ದಿವ್ಯವಾಣಿಯನ್ನು ಅವರು ಹೋದ ದೀಪಾವಳಿಗೂ ನುಡಿದಿದ್ದರು, ಅದರ ಹಿಂದಿನ ಯುಗಾದಿಗೂ ನುಡಿದಿದ್ದರು. ಪ್ರತಿ ಸಲವೂ ರೇಟು ಬೀಳುತ್ತಿತ್ತು, ಸುಳ್ಳಲ್ಲ. ಆದರೆ ಅಷ್ಟರಲ್ಲಿ ಪೇಪರಿನಲ್ಲಿ ಇನ್ನೊಂದು ಹೊಸದರ ಸುದ್ದಿ ಬರುತ್ತಿತ್ತು, ರಾವಸಾಹೇಬರು ಮತ್ತೆ ಕಾಯಲು ಕೂರುತ್ತಿದ್ದರು. ಅವರನ್ನು ನಂಬಿ ಪಕ್ಕದ ಮನೆಯ ಮಾಳಸಿದ್ದ ಮೊಬೈಲ್ ಇಲ್ಲದೆ, ಎದುರುಮನೆಯ ತಾರವ್ವ ಫ್ರಿಜ್ಜಿಲ್ಲದೆ ದಿನ ದೂಡುತ್ತಿದ್ದರು.

ದಸರೆಯ ದಿನ ಗೌರಾಬಾಯಿ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಳು.

"ಇವತ್ತ ಮುಹೂರ್ತ ಐತಿ. ನೀವು ಬರ್ಲಿಲ್ಲಂದ್ರ ನಾನಽ ಅಥಣಿಗೆ ಹೋಗಿ ತರತೀನಿ."

ಹೆಂಡತಿ ಒಬ್ಬಳೇ ಹೋಗಿ ಟಿವಿ ತಂದರೆ ಇವರ ಮೀಸೆಗೆ ಏನು ಮರ್ಯಾದೆ ಉಳಿದೀತು? ಹೆಗಲಿಗೆ ಟವೆಲ್ ಏರಿಸಿ ಹೊರಟೇಬಿಟ್ಟರು.

ಅಂಗಡಿಯ ಮಾಲೀಕನ ಹೆಸರು ಉತ್ತಮ; ಶಹಾಣ್ಯಾ, ಚುರುಕು ಹುಡುಗ. ಅವನು ಬೆಲೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರಾವಸಾಹೇಬರು ಅವನ ಕೈಮೇಲೆ ಟವೆಲ್ ಹಾಕಿ ಬೆರಳು ಒತ್ತಿಯೇಬಿಟ್ಟರು. ಹುಡುಗ ಗಾಬರಿಬಿದ್ದ.

"ಕಾಕಾ, ನಾಡಿ ಯಾಕ ಹಿಡದೀರಿ? ನಾ ಆರಾಮ ಅದೀನ್ರಿ!"

ಅಂಗಡಿ ತುಂಬ ನಗು. ರಾವಸಾಹೇಬರ ಮೀಸೆ ಇಳಿಬಿತ್ತು. ಗೌರಾಬಾಯಿ ಮೆಲ್ಲಗೆ ಮುಂದೆ ಬಂದಳು.

"ತಮ್ಮಾ, ದೀಪಾವಳಿಗೆ ಹೊಸಾ ಮಾಡೆಲ್ ಬರತೈತಂತ, ಖರೇನು?"

"ಹೌದ್ರಿ ಕಾಕೂ."

"ಅದು ಬಂದ ಮ್ಯಾಲ ಇವನ್ನ ಯಾರು ಮೂಸಿ ನೋಡತಾರೋ? ಗ್ವಾಡಿ ತುಂಬ ಹಂಗಽ ಉಳೀತಾವು. ಅವತ್ತಿನ ರೇಟ ಇವತ್ತ ಹೇಳು, ಈಗಽ ಒಯ್ತೀನಿ. ನಮ್ಮ ಮಾಳಸಿದ್ದನ ಮೊಬೈಲು, ತಾರವ್ವನ ಫ್ರಿಜ್ಜು ನಿನ್ನ ಕಡೆನಽ ಕೊಡಸ್ತೀನಿ."

ಗೋಡೆ ತುಂಬ ತೂಗುತ್ತಿದ್ದ ಟಿವಿಗಳನ್ನು ಉತ್ತಮ ನೋಡಿದ, ಗೌರಾಬಾಯಿಯನ್ನು ನೋಡಿದ. ರೇಟು ಇಳಿಯಿತು. ಗೋಡೆಗೆ ಹೊಡೆಯುವ ಸ್ಟ್ಯಾಂಡೂ ಪುಕ್ಕಟೆ ಬಂತು. ತಾವು ವರ್ಷಗಟ್ಟಲೆ ಕೊಳ್ಳದಿರಲು ಹೇಳಿದ ಮಾತನ್ನೇ ಇವಳು ಕೊಳ್ಳುವುದಕ್ಕೆ ತಿರುಗಿಸಿದಳಲ್ಲ! ರಾವಸಾಹೇಬರಿಗೆ ಹೊಟ್ಟೆಕಿಚ್ಚಾಗಬೇಕಿತ್ತು; ಎದೆ ಉಬ್ಬಿತು. "ಭಲೇ ಗೌರಾ!" ಎಂದರು, ಅಂಗಡಿಗೆಲ್ಲ ಕೇಳುವ ಹಾಗೆ.

ಧಾರಾವಾಹಿಯ ಮದುವೆಗೆ ಓಣಿಯ ಹೆಂಗಸರು ಸೇರಿದರು. ಮದುಮಗಳ ಮುಖ ಪೂರ್ತಿ ಕಂಡಾಗ ಗೌರಾಬಾಯಿ ಕಣ್ಣು ಒರೆಸಿಕೊಂಡಳು. ನಡುವೆ ಜಾಹೀರಾತು ಬಂದಾಗ ತಾರವ್ವ ಕೇಳಿದಳು: "ವಾಷಿಂಗ್ ಮಷೀನ್ ರೇಟ ಯಾವಾಗ ಇಳೀತೈತಿ?" ರಾವಸಾಹೇಬರು ಗಂಟಲು ಸರಿಮಾಡಿಕೊಂಡರು. ತಾರವ್ವ ಕೇಳಿದ್ದು ಗೌರಾಬಾಯಿಯನ್ನು.

ರಾವಸಾಹೇಬರು ಮುಖ ಸಪ್ಪಗೆ ಮಾಡಿ, "ರಿಮೋಟಾದ್ರೂ ಕೊಡು ಇತ್ಲಾಗ, ಸುದ್ದಿ ಬಾತಮಿ ನೋಡತೀನಿ" ಎಂದರು.

ಗೌರಾಬಾಯಿ ಅವರ ಹೆಗಲಿನ ಟವೆಲ್ ಎಳೆದು ಇಬ್ಬರ ಕೈಮೇಲೆ ಹೊದಿಸಿದಳು. ಒಳಗೆ ಅವರ ಎರಡು ಬೆರಳು ಗಟ್ಟಿಯಾಗಿ ಹಿಡಿದು, ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, "ರಿಮೋಟಿಗೆ ಇಷ್ಟ ಕಪ್ ಚಹಾ" ಎಂದಳು.

"ಇದನ್ನ ನಿಂಗ್ಯಾರ ಕಲಿಸಿದ್ರು?"

"ದಲಾಲನ ಮಗಳಿಗೆ ಯಾರ ಕಲಿಸಬೇಕ್ರಿ?"

ಪೇಟೆಯ ಹುಲಿ ಸೋಲುತ್ತದೆಯೇ? ಒಂದೇ ಕಪ್ಪಿಗೆ ಮುಗಿಸಲು ಒಂದು ಬೆರಳು ಒತ್ತಿ, ಸುಮ್ಮನೆ ಕಾದರು. ಗೌರಾಬಾಯಿ ಕೂತ ಹೆಂಗಸರತ್ತ ಒಮ್ಮೆ ನೋಡಿ, ಅವರ ಐದೂ ಬೆರಳು ಹಿಡಿದಳು.

"ಏ, ರೇಟ ಏರಾಕತ್ತೈತಲ್ಲ!"

"ಕಾದಷ್ಟೂ ಏರತೈತ್ರಿ."

ಇನ್ನು ತಡೆದರೆ ಭಜಿಯೂ ಸೇರೀತೆಂದು ರಾವಸಾಹೇಬರು ಎದ್ದು ಹೋಗಿ ಗ್ಯಾಸ್ ಹಚ್ಚಿದರು.